ಡಂಗುರದ ಅಣ್ಣ

2025ರ ಡಿಸೆಂಬರ್‌ಗೆ ಚೆನ್ನೈ ಪ್ರವಾಹಕ್ಕೆ ಹತ್ತು ವರ್ಷ ತುಂಬಿತು. 2015ರ ಡಿಸೆಂಬರ್ 1 ಮತ್ತು 2. ಆಗ ಅಲ್ಲಿದ್ದ ಕನ್ನಡಿಗರಿಗೆ ಆ ಎರಡು ದಿನಗಳನ್ನು ಯಾರೂ ನೆನಪಿಸಬೇಕಾಗಿಲ್ಲ. ಬೇರೆ ಊರಿನಲ್ಲಿದ್ದವರು ಟಿವಿಯಲ್ಲಿ ನೋಡಿರುತ್ತೀರಿ: ವಿಮಾನ ನಿಲ್ದಾಣದಲ್ಲಿ ನೀರಿನ ನಡುವೆ ನಿಂತ ವಿಮಾನಗಳು, ಮನೆಯಿಂದ ದೋಣಿಗೆ ಇಳಿಯುತ್ತಿದ್ದ ಮುದುಕಿಯರು, ಸೈದಾಪೇಟೆಯ ಸೇತುವೆಯ ಹತ್ತಿರ ಕೆಂಪಾಗಿ ಉಕ್ಕುತ್ತಿದ್ದ ಅಡ್ಯಾರ್ ನದಿ. ಆ ಮಳೆಗಾಲದಲ್ಲಿ ತಮಿಳುನಾಡಿನಲ್ಲಿ ನಾನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಒಬ್ಬರು ನನಗೆ ಕೆಲಸ ಕಲಿಸಿದವರು, ಹೊನ್ನಾಳಿ ಕಡೆಯವರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರು ಬೇಡವೆಂದಿದ್ದಾರೆ. ಹಾಗೆ ನೋಡಿದರೆ ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ತಮಿಳರು, ತೆಲುಗರು, ಮಲಯಾಳಿಗಳು, ನಾವು ನಾಲ್ಕೈದು ಜನ ಕನ್ನಡದವರು, ಎಲ್ಲರಿಗೂ ಅವರು ‘ಅಣ್ಣ’. ತಮಿಳಿನಲ್ಲೂ ಅಣ್ಣ ಅಂದರೆ ಅಣ್ಣನೇ ಆದ್ದರಿಂದ ಯಾರಿಗೂ ತೊಡಕಿರಲಿಲ್ಲ.

ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ‘ಬಹಳ ಒಳ್ಳೆಯ ಮನುಷ್ಯ’ ಎಂದು ಒಂದು ಸಾಲು ಬರೆದು ಎದ್ದುಬಿಟ್ಟಿದ್ದೇನೆ. ಒಳ್ಳೆಯವರು ಏನು ಮಾಡುತ್ತಿದ್ದರು ಎಂದು ಹೇಳದಿದ್ದರೆ ಆ ಸಾಲಿನಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಅಣ್ಣ ಜೀವನವಿಡೀ ಮಾಡಿದ್ದು ಒಂದು ಕೆಲಸ: ಹೇಳಬೇಕಾದ್ದನ್ನು, ಹೇಳಬೇಕಾದವರಿಗೆ, ಹೊತ್ತು ಮೀರುವ ಮೊದಲು ಹೇಳುವುದು. ಅವರು ತೀರಿಕೊಂಡದ್ದು ಆ ಕೆಲಸ ಆಗದೇ ಹೋದ ಒಂದು ರಾತ್ರಿ. ಈ ಲೇಖನ ಅದರ ಬಗ್ಗೆ.

ಮೂರು ಪ್ರಶ್ನೆ

ನಾನು ಚೆನ್ನೈಗೆ ಹೋದದ್ದು 2011ರಲ್ಲಿ. ಚಿತ್ರದುರ್ಗದವಳು. ತಮಿಳು ಬಾರದು. ಮೋಡ ಕಂಡರೆ ಖುಷಿಪಡುವ ಊರಿನವಳಿಗೆ ಮಳೆಗೆ ಹೆದರುವುದು ಗೊತ್ತಿರಲಿಲ್ಲ. ಹೊರದೇಶದ ಒಂದು ಅಂಗಡಿ ಜಾಲದ ಬಿಲ್ಲಿಂಗ್ ವ್ಯವಸ್ಥೆಯನ್ನು ಹಗಲೂ ರಾತ್ರಿ ನೋಡಿಕೊಳ್ಳುವುದು ನಮ್ಮ ತಂಡದ ಕೆಲಸ. ಅವರ ಹಗಲು ನಮ್ಮ ರಾತ್ರಿ. ಸರ್ವರ್ ಎಲ್ಲಾದರೂ ತಡವರಿಸಿದರೆ ನಮ್ಮ ಫೋನಿಗೆ ಅಲರ್ಟ್ ಬರಬೇಕು, ಆ ವಾರ ‘ಆನ್ ಕಾಲ್’ ಇರುವವರು ಎದ್ದು ನೋಡಬೇಕು.

ನಾನು ಸೇರಿದಾಗ ಒಂದು ರಾತ್ರಿಗೆ ನೂರಾರು ಅಲರ್ಟ್ ಬರುತ್ತಿದ್ದವು. ಡಿಸ್ಕ್ ಅರ್ಧ ತುಂಬಿದರೂ ಅಲರ್ಟ್, ಖಾಲಿಯಾದರೂ ಅಲರ್ಟ್. ತಂಡದವರೆಲ್ಲ ಅವುಗಳನ್ನು ನೇರವಾಗಿ ಒಂದು ಫೋಲ್ಡರ್‌ಗೆ ಕಳಿಸುವ ಹಾಗೆ ಮೇಲ್‌ನಲ್ಲಿ ರೂಲ್ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದರು. ಬೆಳಗ್ಗೆ ಏನಾದರೂ ಕೆಟ್ಟಿದ್ದರೆ ಮ್ಯಾನೇಜರ್ ಕೇಳುವುದು, ‘ಅಲರ್ಟ್ ಬಂದಿತ್ತಲ್ಲ?’ ಬಂದಿತ್ತು, ನಿಜ. ನಾನೂರರ ನಡುವೆ ಒಂದಾಗಿ ಬಂದಿತ್ತು.

ಅದೇ ವರ್ಷ ಅಣ್ಣ ನಮ್ಮ ತಂಡಕ್ಕೆ ಬಂದರು. ಬಂದವರು ಮೊದಲ ವಾರ ಏನೂ ಹೇಳಲಿಲ್ಲ. ಎರಡನೇ ವಾರ ನನ್ನನ್ನು ಕೂರಿಸಿಕೊಂಡು ಅಷ್ಟೂ ಅಲರ್ಟ್‌ಗಳನ್ನು ಒಂದೊಂದಾಗಿ ತೆಗೆದರು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಇದು ಯಾರಿಗೆ ಕೇಳಿಸಬೇಕು? ಕೇಳಿಸಿಕೊಂಡವರು ಏನು ಮಾಡಬೇಕು? ಮಾಡೋದಕ್ಕೆ ಅವರಿಗೆ ಎಷ್ಟು ಹೊತ್ತು ಸಿಗುತ್ತೆ? ಮೂರಕ್ಕೂ ಉತ್ತರವಿಲ್ಲದ ಅಲರ್ಟ್ ಕಿತ್ತು ಹಾಕು ಎನ್ನುತ್ತಿದ್ದರು. ಮೂರು ವಾರ ಕೂತೆವು. ಕೊನೆಗೆ ಉಳಿದದ್ದು ಹತ್ತು ಹನ್ನೆರಡು. ಒಂದೊಂದರ ಜೊತೆಗೂ ಎರಡು ಸಾಲು ಬರೆಸಿದರು, ನಿದ್ದೆಗಣ್ಣಲ್ಲಿ ಎದ್ದವನಿಗೂ ಅರ್ಥವಾಗುವಂತೆ: ಏನಾಗಿದೆ, ಮೊದಲು ಏನು ಮಾಡು.

ಆ ಪ್ರೋಗ್ರಾಮಿಗೆ ಅವರೇ ಇಟ್ಟ ಹೆಸರು ‘ಡಂಗುರ’. ತಂಡದ ತಮಿಳು ಹುಡುಗರು ಅರ್ಥ ಕೇಳಿದರು. ಅಣ್ಣ ಟೇಬಲ್ ಮೇಲೆ ಎರಡು ಬೆರಳಲ್ಲಿ ಬಡಿದು ತೋರಿಸಿದರು. ‘ಓ, ದಂಡೋರಾ!’ ಎಂದರು ಅವರು. ಅಂದಿನಿಂದ ರಾತ್ರಿ ಫೋನ್ ಬಡಿದುಕೊಂಡರೆ ಇಡೀ ತಂಡದ ಬಾಯಲ್ಲಿ ‘ಡಂಗುರ ಬಂತು’ ಎಂದೇ.

ಆ ಹೆಸರಿನ ಹಿಂದೆ ಅವರ ಊರಿತ್ತು. ಅವರದು ತುಂಗಭದ್ರೆಯ ದಂಡೆಯ ಹಳ್ಳಿ. ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಸೇರಿ ಹೊನ್ನಾಳಿಯ ಕಡೆ ಬರುತ್ತಾರೆ. ಮಲೆನಾಡಲ್ಲಿ ಮಳೆ ಜೋರಾದರೆ ಮೇಲೆ ಗಾಜನೂರಲ್ಲೋ ಲಕ್ಕವಳ್ಳಿಯಲ್ಲೋ ಡ್ಯಾಮಿನ ಗೇಟು ತೆಗೆಯುತ್ತಾರೆ, ಕೆಳಗೆ ಇವರ ಊರಿನ ಅಂಚಿಗೆ ಹೊಳೆ ಬರುತ್ತದೆ. ಅವರು ಸಣ್ಣವರಿದ್ದಾಗ ಅದಕ್ಕೆ ಮೊದಲೇ ಹಲಗೆ ಹೊಡೆದು ಸಾರುತ್ತಿದ್ದರಂತೆ: ಹೊಳೆ ಬರ್ತೈತೆ, ದನ ಬಿಚ್ರಿ, ದಂಡೇಲಿ ಯಾರೂ ಮಲಗಬ್ಯಾಡ್ರಿ.

‘ನೋಡು ತಂಗಿ’ ಎಂದಿದ್ದರು ಒಮ್ಮೆ, ‘ಹಲಗೆ ಹೊಡೆಯೋನು ಹೊಳೇಲಿ ಎಷ್ಟು ಕ್ಯೂಸೆಕ್ ನೀರು ಐತೆ ಅಂತ ಹೇಳ್ತಿರಲಿಲ್ಲ. ದನ ಬಿಚ್ಚು ಅಂತಿದ್ದ. ಅದು ಅಲರ್ಟು.’ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು: ‘ಅವನ ಮನೇನ ಮಾತ್ರ ಊರ ಹೊರಗೇ ಇಟ್ಟಿದ್ವಿ. ಅವನ ಬಾಯಿ ನಂಬ್ಕೊಂಡು ಊರೆಲ್ಲ ಬದುಕಿದ್ವಿ.’

ಕೆಟ್ಟ ಸುದ್ದಿಯನ್ನು ಬೇಗ ಹೇಳುವುದು

ಆಫೀಸಿನಲ್ಲಿ ಒಳ್ಳೆಯ ಸುದ್ದಿ ಹೇಳಲು ಎಲ್ಲರೂ ಮುಂದೆ ಬರುತ್ತಾರೆ. ಕೆಟ್ಟ ಸುದ್ದಿಗೆ ಒಂದು ಮೇಲ್ ಬರುತ್ತದೆ, ಅದೂ ಶುಕ್ರವಾರ ಸಂಜೆ. ಅಣ್ಣನ ರೀತಿ ಬೇರೆ.

2013ರಲ್ಲಿ ನನಗೆ ಬಡ್ತಿ ಬರಬೇಕಿತ್ತು. ಬರುವುದಿಲ್ಲ ಎಂದು ಅವರಿಗೆ ಗೊತ್ತಾದ ದಿನವೇ ನನ್ನನ್ನು ಆಫೀಸಿನ ಎದುರಿನ ಟೀ ಕಡೆಗೆ ಕರೆದುಕೊಂಡು ಹೋದರು. (ಚೆನ್ನೈಯಲ್ಲಿ ಟೀ ಅಂಗಡಿಗೆ ‘ಟೀ ಕಡೈ’ ಅನ್ನುತ್ತಾರೆ. ನಾವು ಕನ್ನಡದವರು ಅದನ್ನು ‘ಟೀ ಕಡೆ’ ಮಾಡಿಕೊಂಡಿದ್ದೆವು.) ಪತ್ರ ಬರಲು ಇನ್ನೂ ಒಂದು ತಿಂಗಳಿತ್ತು. ‘ಈ ವರ್ಷ ನಿನ್ನ ಹೆಸರಿಲ್ಲ ತಂಗಿ. ನಾನು ಹೇಳಿ ನೋಡಿದೆ, ಆಗಲಿಲ್ಲ. ಕಾರಣ ಇದು’ ಎಂದು ಕಾರಣವನ್ನೂ ಮುಚ್ಚಿಡದೆ ಹೇಳಿದರು. ಆ ಹುದ್ದೆಗೆ ಸ್ನಾತಕೋತ್ತರ ಪದವಿ ಇದ್ದವರನ್ನು ಮೊದಲು ನೋಡುತ್ತಿದ್ದರು. ಕೆಲಸ ಮಾಡುತ್ತಲೇ ಓದಬಹುದಾದ ಎಂ.ಟೆಕ್ ಕೋರ್ಸಿನ ವಿವರಗಳನ್ನು ಅವರೇ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅರ್ಜಿಗೆ ಇನ್ನು ಹನ್ನೊಂದು ದಿನವಿತ್ತು. ಮೂರನೇ ಪ್ರಶ್ನೆ ನೆನಪಿದೆಯಲ್ಲ? ಎಷ್ಟು ಹೊತ್ತು ಸಿಗುತ್ತೆ?

ನಾನು ಆ ದಿನ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಇನ್ನೊಂದು ಟೀ ಹೇಳಿದರು. ಎಂ.ಟೆಕ್ ಮುಗಿಯಿತು. ಶನಿವಾರದ ತರಗತಿಗಳಿಗಾಗಿ ಎರಡು ವರ್ಷ ನನ್ನ ವಾರಾಂತ್ಯದ ಪಾಳಿಯನ್ನು ಅವರೇ ತೆಗೆದುಕೊಂಡರು. ಇದನ್ನು ಅವರು ಯಾರ ಹತ್ತಿರವೂ ಹೇಳಿದ್ದು ನಾನು ಕೇಳಿಲ್ಲ.

ಇನ್ನೊಂದು ನೆನಪು ಮದುರೈ ಕಡೆಯ ಹುಡುಗನೊಬ್ಬನದು. ಸೇರಿ ಎರಡು ತಿಂಗಳಾಗಿತ್ತು. ಒಂದು ರಾತ್ರಿ ಟೆಸ್ಟ್ ಸರ್ವರ್ ಎಂದುಕೊಂಡು ನಿಜವಾದ ಸರ್ವರಿನಲ್ಲೇ ಒಂದು ಟೇಬಲ್ ಅಳಿಸಿಬಿಟ್ಟ. ನೂರಾರು ಅಂಗಡಿಗಳ ಬಿಲ್ಲಿಂಗ್ ಎರಡು ಗಂಟೆ ನಿಂತಿತು. ಬೆಳಗಿನ ಕಾಲ್‌ನಲ್ಲಿ ದೊಡ್ಡವರೆಲ್ಲ ಕೂತು ‘ಯಾರು ಮಾಡಿದ್ದು’ ಎಂದು ಕೇಳಿದರು. ಅಣ್ಣ ‘ನಮ್ಮ ತಂಡದಿಂದ ಆಯಿತು, ನಾನು ಅದರ ಲೀಡ್’ ಎಂದರು. ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಕಾಲ್ ಮುಗಿದ ಮೇಲೆ ಹುಡುಗನ ಪಕ್ಕ ಕೂತು ಆ ರಾತ್ರಿ ಅವನ ಪರದೆಯ ಮೇಲೆ ಏನೇನು ಕಾಣುತ್ತಿತ್ತು ಎಂದು ಬರೆದುಕೊಂಡರು. ಎರಡೂ ಸರ್ವರಿನ ಪರದೆ ಒಂದೇ ಬಣ್ಣ, ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸ. ಮರುದಿನದಿಂದ ನಿಜವಾದ ಸರ್ವರಿನ ಪರದೆ ಕೆಂಪಾಯಿತು.

‘ಯಾರು ಎಡವಿದ್ರು ಅಂತ ಹುಡುಕಿದ್ರೆ ಒಬ್ಬ ಸಿಗ್ತಾನೆ. ಅವನಿಗೆ ಯಾವ ಮಾಹಿತಿ ಸಿಗಲಿಲ್ಲ ಅಂತ ಹುಡುಕಿದ್ರೆ ಮುಂದಿನ ಹತ್ತು ಜನ ಉಳೀತಾರೆ’ ಎಂದದ್ದು ಆ ದಿನವೇ. ಆ ಹುಡುಗ ಈಗ ಹೈದರಾಬಾದಿನಲ್ಲಿ ದೊಡ್ಡ ತಂಡ ನಡೆಸುತ್ತಾನೆ. ಅವನ ಪರದೆ ಇವತ್ತಿಗೂ ಕೆಂಪು.

ಭಾನುವಾರ ಅವರ ಮನೆಗೆ ಹೋಗುವುದು ನಮಗೆ ಹಬ್ಬ. ಮಣಪಾಕ್ಕಂನಲ್ಲಿ ನೆಲಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ದಾವಣಗೆರೆಯಿಂದ ಚೀಲದಲ್ಲಿ ಮಂಡಕ್ಕಿ ಬಂದಿರುತ್ತಿತ್ತು. ಅತ್ತಿಗೆ ಖಾರ ಮಂಡಕ್ಕಿ ಕಲಸಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಪಿಜಿಗಳ ಸಾಂಬಾರ್ ಅನ್ನ ತಿಂದು ಬೇಸತ್ತ ನಾವು ನಾಚಿಕೆ ಬಿಟ್ಟು ತಿನ್ನುತ್ತಿದ್ದೆವು. ಅವರ ಮಗಳಿಗೆ ಆಗ ಏಳೆಂಟು ವರ್ಷ. ಅಪ್ಪನೊಡನೆ ಕನ್ನಡ, ಬೀದಿಯಲ್ಲಿ ತಮಿಳು.

ನೀರಿನ ಲೆಕ್ಕ

ಇಲ್ಲಿ ಸ್ವಲ್ಪ ಭೂಗೋಳ ಹೇಳಬೇಕು. ಚೆನ್ನೈಯಲ್ಲಿ ಇದ್ದ ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಾಗಿದ್ದು ಪ್ರವಾಹವಾದ ಮೇಲೆ.

ನಗರದ ಪಶ್ಚಿಮಕ್ಕೆ ಚೆಂಬರಂಬಾಕ್ಕಂ ಎಂಬ ದೊಡ್ಡ ಕೆರೆ. ಚೆನ್ನೈಗೆ ಕುಡಿಯುವ ನೀರು ಕೊಡುವ ಜಲಾಶಯಗಳಲ್ಲಿ ಒಂದು. ತಮಿಳಿನಲ್ಲಿ ಕೆರೆಗೇ ‘ಏರಿ’ ಅನ್ನುತ್ತಾರೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ಆ ಏರಿ ತುಂಬಿದಾಗ ಬಿಟ್ಟ ನೀರು ಅಡ್ಯಾರ್ ನದಿಗೆ ಸೇರಿ ಮಣಪಾಕ್ಕಂ, ನಂದಂಬಾಕ್ಕಂ, ಈಕ್ಕಾಟ್ಟುತಾಂಗಲ್, ಸೈದಾಪೇಟೆ, ಕೋಟ್ಟೂರ್‌ಪುರಂ ದಾಟಿ ಸಮುದ್ರಕ್ಕೆ ಹೋಗುತ್ತದೆ. ‘ತಾಂಗಲ್’ ಎಂದರೆ ಸಣ್ಣ ಕೆರೆ. ಊರಿನ ಹೆಸರಲ್ಲೇ ನೀರಿದೆ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ನಮಗೆ ಇದು ಹೊಸದೇನಲ್ಲ. ಆದರೆ ಹೊಸ ಊರಿಗೆ ಬಾಡಿಗೆಗೆ ಹೋದವರು ಆಫೀಸಿಗೆ ಎಷ್ಟು ದೂರ, ನೀರು ದಿನಾ ಬರುತ್ತದೆಯೇ ಎಂದು ಕೇಳುತ್ತೇವೆ. ಯಾವ ನೀರು ಎಲ್ಲಿಂದ ಬರಬಹುದು ಎಂದು ಕೇಳುವುದಿಲ್ಲ.

ಆ ವರ್ಷ ನವೆಂಬರ್ ತಿಂಗಳೊಂದರಲ್ಲೇ ಚೆನ್ನೈಯಲ್ಲಿ 1,049 ಮಿಲಿಮೀಟರ್ ಮಳೆಯಾಯಿತು. ವಾಡಿಕೆ ಸುಮಾರು 407. ಸುತ್ತಮುತ್ತಲ ಏರಿಗಳೆಲ್ಲ ತುಂಬಿ ನಿಂತಿದ್ದವು. ಡಿಸೆಂಬರ್ 1ರಂದು ಮತ್ತೆ ಹಿಡಿದ ಮಳೆ 24 ಗಂಟೆಯಲ್ಲಿ ತಾಂಬರಂನಲ್ಲಿ 49 ಸೆಂಟಿಮೀಟರ್ ಸುರಿಯಿತು. ಆ ದಿನ ಚೆಂಬರಂಬಾಕ್ಕಂನಿಂದ ಬಿಡುವ ನೀರನ್ನು ಏರಿಸುತ್ತಾ ಹೋಗಿ ಸಂಜೆಯ ಹೊತ್ತಿಗೆ 29,000 ಕ್ಯೂಸೆಕ್ ಮಾಡಿದರು.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 29,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎಂಟು ಲಕ್ಷ ಲೀಟರಿಗಿಂತ ಹೆಚ್ಚು. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿಗೆ ಬರುವ 12,000 ಲೀಟರಿನ ನೀರಿನ ಲಾರಿ ನೋಡಿದ್ದೀರಲ್ಲ? ಅಂಥ 68 ಲಾರಿಗಳನ್ನು ಪ್ರತಿ ಸೆಕೆಂಡಿಗೆ ನದಿಗೆ ಸುರಿದ ಹಾಗೆ, ರಾತ್ರಿಯಿಡೀ. ಇದಲ್ಲದೆ ತಾಂಬರಂ ಕಡೆಯ ನೂರಾರು ಸಣ್ಣ ಏರಿಗಳ ನೀರೂ ಅದೇ ನದಿಗೆ ಬರುತ್ತಿತ್ತು.

ಆ ರಾತ್ರಿ

ಅಂದು ಮಂಗಳವಾರ. ಮಧ್ಯಾಹ್ನವೇ ಮನೆಗೆ ಹೋಗಿ ಎಂದರು. ಅಣ್ಣ ಬೆಂಗಳೂರಿನ ತಂಡಕ್ಕೆ ಫೋನ್ ಮಾಡಿ ಆ ರಾತ್ರಿಯ ಆನ್ ಕಾಲ್ ಅನ್ನು ಅವರಿಗೆ ವಹಿಸಿದರು. ‘ಇವತ್ತು ಇಲ್ಲಿ ಯಾರನ್ನೂ ಎಬ್ಬಿಸಬೇಡ್ರಿ, ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ.’ ಆಮೇಲೆ ಒಂದು ಹಾಳೆಯಲ್ಲಿ ತಂಡದ ಹದಿನಾರು ಹೆಸರು ಬರೆದುಕೊಂಡು ಯಾರು ಯಾವ ದಾರಿಯಲ್ಲಿ ಹೋಗುತ್ತೀರಿ, ಮನೆ ಎಷ್ಟನೇ ಮಹಡಿ ಎಂದು ಕೇಳಿದರು. ನಾನು ವಡಪಳನಿಯ ಪಿಜಿಯ ಎರಡನೇ ಮಹಡಿ. ‘ಸರಿ, ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕು’ ಎಂದರು. ಸಂಜೆ ಆರೂವರೆಗೆ ಮೆಸೇಜ್ ಹಾಕಿದೆ. ‘ಒಳ್ಳೇದು. 14 ಜನ ಆಯ್ತು, ಇನ್ನಿಬ್ಬರು’ ಎಂದು ಉತ್ತರ ಬಂತು. ನಮ್ಮ ನಡುವಿನ ಕೊನೆಯ ಮಾತು ಅದು. ಏಳರ ಹೊತ್ತಿಗೆ ಫೋನುಗಳು ಸತ್ತವು.

ಅತ್ತಿಗೆ ಮತ್ತು ಮಗಳು ಊರಿನಲ್ಲಿ ಮದುವೆಗೆಂದು ಹೋಗಿದ್ದರು. ಅಣ್ಣ ಒಬ್ಬರೇ. ನವೆಂಬರ್ ಮಧ್ಯದಲ್ಲಿ ಸುರಿದ ಮಳೆಗೆ ಅವರ ಬೀದಿಗೆ ಮೊಣಕಾಲುದ್ದ ನೀರು ಬಂದು ಇಳಿದಿತ್ತು. ಆದ್ದರಿಂದ ಈ ಸಲವೂ ಅಷ್ಟೇ ಬರುತ್ತದೆ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರು. ಮೇಲೆ ಏನು ಬಿಡುತ್ತಿದ್ದಾರೆ ಎಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟಿವಿಗೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ.

ಮೊದಲ ಮಹಡಿಯಲ್ಲಿದ್ದ ತಮಿಳು ಕುಟುಂಬ ನಮಗೆ ಹೇಳಿದ್ದು ಇಷ್ಟು. ನಡುರಾತ್ರಿ ದಾಟಿದ ಮೇಲೆ ಅಣ್ಣ ಮೇಲೆ ಬಂದು ಬಾಗಿಲು ಬಡಿದರು. ಕೆಳಗಿನ ವಾಚ್‌ಮನ್, ಅವನ ಹೆಂಡತಿ, ಎರಡು ಮಕ್ಕಳನ್ನು ಮೇಲೆ ತಂದು ಬಿಟ್ಟರು. ನೀರು ಆಗ ಸೊಂಟದವರೆಗಿತ್ತು. ಎದುರಿನ ಸಾಲಿನ ಮನೆಗಳ ಬಾಗಿಲು ಬಡಿಯಲು ಹೋದರು. ಅವರ ದನಿ ಸ್ವಲ್ಪ ಹೊತ್ತು ಕೇಳುತ್ತಿತ್ತು. ಆಮೇಲೆ ಕಾಂಪೌಂಡ್ ಗೋಡೆ ಬಿದ್ದ ಸದ್ದು. ಎಲ್ಲವೂ ಒಂದು ಗಂಟೆಯೊಳಗೆ. ಎರಡು ದಿನದ ಮೇಲೆ ನೀರು ಇಳಿದಾಗ ಸಿಕ್ಕರು.

ಅವರನ್ನು ವೀರ ಎಂದು ಕರೆದರೆ ಅತ್ತಿಗೆಗೆ ಸಿಟ್ಟು ಬರುತ್ತದೆ, ನನಗೂ. ಅವರಿಗೆ ಸಾಯುವ ಮನಸ್ಸಿರಲಿಲ್ಲ. ಬಾಗಿಲು ಬಡಿಯುವುದು ಅವರಿಗೆ ಅಭ್ಯಾಸವಾಗಿತ್ತು, ಅಷ್ಟೇ. ಎದುರಿನ ಸಾಲಿನ ಮೂರು ಮನೆಯವರು ಆ ಸದ್ದಿಗೆ ಎದ್ದು ಟೆರೇಸಿಗೆ ಹತ್ತಿದ್ದರು. ಹೊತ್ತಿಗೆ ಮುಂಚೆ ಬೇರೆ ಯಾರಾದರೂ ಅದೇ ಕೆಲಸ ಮಾಡಿದ್ದರೆ, ಸಂಜೆಯ ಬೆಳಕಲ್ಲೇ ಅವರೂ ಎಲ್ಲರ ಜೊತೆ ಮೇಲೆ ಹತ್ತಿ ಕೂತಿರುತ್ತಿದ್ದರು.

ವಿಮಾನ ನಿಲ್ದಾಣ ಮುಚ್ಚಿತ್ತು, ರೈಲುಗಳು ರದ್ದಾಗಿದ್ದವು. ಡಿಸೆಂಬರ್ 2ರಂದು ‘ದಿ ಹಿಂದೂ’ ಪತ್ರಿಕೆ ಚೆನ್ನೈಯಲ್ಲಿ ಮುದ್ರಣವಾಗಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆಗೆ ಮಳೆಯಿಂದ ಹಾಗಾದದ್ದು ಅದೇ ಮೊದಲು. ಅತ್ತಿಗೆ ಹೊನ್ನಾಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಸಿಕ್ಕಿದ ಬಸ್ಸಿನಲ್ಲಿ ತಮ್ಮನ ಜೊತೆ ಬಂದರು. ಅವರು ಎದುರಾದ ದಾರಿಯಲ್ಲೇ ನಮ್ಮಂಥ ಕಂಪನಿಗಳ ಬಸ್ಸುಗಳು ಕೆಲಸ ನಿಲ್ಲಬಾರದೆಂದು ನೌಕರರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದವು.

ಅತ್ತಿಗೆ ಬಂದವರು ಅಳಲಿಲ್ಲ. ಗೋಡೆಯ ಮೇಲಿನ ನೀರಿನ ಗೆರೆ ನೋಡಿದರು. ಅದು ಅವರ ತಲೆಗಿಂತ ಮೇಲಿತ್ತು. ‘ಯಾರೂ ಹೇಳಲಿಲ್ವಾ?’ ಎಂದರು. ಅದೊಂದೇ ಮಾತು.

ಕಳಿಸಿದ್ದು, ತಲುಪಿದ್ದು

ಆ ಪ್ರಶ್ನೆ ಆಮೇಲೆ ಬಹಳ ಕಡೆ ಎದ್ದಿತು. ಎಚ್ಚರಿಕೆ ಕೊಡಲಾಗಿತ್ತು, ತಗ್ಗಿನ ಪ್ರದೇಶದವರಿಗೆ ತಿಳಿಸಲಾಗಿತ್ತು ಎಂದು ಸರ್ಕಾರ ಹೇಳಿತು. ನಮಗೆ ಗೊತ್ತೇ ಆಗಲಿಲ್ಲ ಎಂದು ನದಿ ದಂಡೆಯವರು ಹೇಳಿದರು. 2018ರಲ್ಲಿ ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿ ಈ ಪ್ರವಾಹವನ್ನು ಮಾನವ ನಿರ್ಮಿತ ವಿಪತ್ತು ಎಂದು ಕರೆಯಿತು. ಜಲಾಶಯದಿಂದ ನೀರು ಬಿಟ್ಟ ರೀತಿಯನ್ನೂ, ಕೆರೆ ಮತ್ತು ನದಿಯ ಜಾಗದ ಒತ್ತುವರಿಯನ್ನೂ ಪ್ರಶ್ನಿಸಿತು.

ಎಚ್ಚರಿಕೆ ಕೊಟ್ಟೆವು ಎಂದವರೂ ಸಿಕ್ಕಲಿಲ್ಲ ಎಂದವರೂ ಸುಳ್ಳು ಹೇಳಿರಲಾರರು ಎಂದು ನನಗೆ ಅನ್ನಿಸುತ್ತದೆ. ನಮ್ಮ ಕೆಲಸದಲ್ಲಿ ಇದನ್ನು ದಿನಾ ನೋಡುತ್ತೇವೆ. ‘ಮೇಲ್ ಕಳಿಸಿದ್ದೆ ಸಾರ್’ ಎನ್ನುವವನ ಸೆಂಟ್ ಫೋಲ್ಡರಿನಲ್ಲಿ ಮೇಲ್ ಇರುತ್ತದೆ. ಓದಬೇಕಾದವನ ಕಣ್ಣಿಗೆ ಬಿದ್ದಿರುವುದಿಲ್ಲ. ಕಳಿಸಿದ್ದಕ್ಕೆ ದಾಖಲೆ ಸಿಗುತ್ತದೆ. ತಲುಪಿದ್ದಕ್ಕೆ ಯಾರೂ ದಾಖಲೆ ಕೇಳುವುದಿಲ್ಲ.

ಅಣ್ಣನ ಮೂರು ಪ್ರಶ್ನೆಯನ್ನು ಆ ರಾತ್ರಿಗೆ ಹಾಕಿ ನೋಡಿ. ಯಾರಿಗೆ ಕೇಳಿಸಬೇಕಿತ್ತು? ನದಿ ದಂಡೆಯ ನೆಲಮಹಡಿಯವರಿಗೆ. ಅವರು ಏನು ಮಾಡಬೇಕಿತ್ತು? ಮೇಲಿನ ಮಹಡಿಗೆ ಹೋಗಬೇಕಿತ್ತು, ಇನ್ನೇನೂ ಬೇಡ. ಎಷ್ಟು ಹೊತ್ತಿತ್ತು? ಮಧ್ಯಾಹ್ನದಿಂದ ನಡುರಾತ್ರಿಯವರೆಗೆ. ಮೂರಕ್ಕೂ ಉತ್ತರವಿತ್ತು. ಹಲಗೆ ಹೊಡೆಯುವವನು ಇರಲಿಲ್ಲ.

ಈ ಹತ್ತು ವರ್ಷದಲ್ಲಿ ಏನೂ ಬದಲಾಗಿಲ್ಲ ಎಂದರೆ ಅನ್ಯಾಯವಾಗುತ್ತದೆ. 2019ರಲ್ಲಿ ಚೆನ್ನೈಗೆಂದೇ ಪ್ರವಾಹ ಮುನ್ಸೂಚನೆಯ ವ್ಯವಸ್ಥೆ ಬಂತು. 2023ರಲ್ಲಿ ನಿಮ್ಮ ಫೋನ್ ಒಂದು ದಿನ ಇದ್ದಕ್ಕಿದ್ದಂತೆ ಜೋರಾಗಿ ಕಿರುಚಿ, ಇದು ಪರೀಕ್ಷಾ ಸಂದೇಶ ಎಂದು ತೋರಿಸಿದ್ದು ನೆನಪಿರಬಹುದು. ಒಂದು ಪ್ರದೇಶದ ಎಲ್ಲ ಮೊಬೈಲುಗಳಿಗೆ ಟವರಿನಿಂದ ಒಟ್ಟಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ಅದೇ ವರ್ಷ ಕೇಂದ್ರ ಜಲ ಆಯೋಗ ‘ಫ್ಲಡ್‌ವಾಚ್ ಇಂಡಿಯಾ’ ಎಂಬ ಆ್ಯಪ್ ತಂದಿತು. ನದಿಗಳ ಮಟ್ಟ ಅದರಲ್ಲಿ ಕಾಣುತ್ತದೆ. ಇವೆಲ್ಲ ಬೇಕು. ಆದರೆ ಟವರ್ ಸತ್ತ ಮೇಲೆ, ಕರೆಂಟ್ ಹೋದ ಮೇಲೆ, ಸಂದೇಶದ ಭಾಷೆ ಓದಲು ಬಾರದವರ ಮನೆಗೆ ಕೊನೆಯ ನೂರು ಅಡಿ ಯಾರು ನಡೆಯುತ್ತಾರೆ?

ಪುಣೆಯ ತಗಡಿನ ಶೆಡ್‌ಗಳು

2017ರಲ್ಲಿ ನಾನು ಪುಣೆಗೆ ಬಂದೆ. ಇಲ್ಲಿ ಮೇಲೆ ಖಡಕ್‌ವಾಸ್ಲಾ, ಊರ ನಡುವೆ ಮುಠಾ ನದಿ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ಬಿಟ್ಟ ನೀರು ಮತ್ತು ಸುರಿಯುತ್ತಿದ್ದ ಮಳೆ ಎರಡೂ ಸೇರಿ ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿತು. ಸೇನೆಯನ್ನು ಕರೆಸಬೇಕಾಯಿತು. ನಮಗೆ ಸರಿಯಾಗಿ ತಿಳಿಸಲಿಲ್ಲ ಎಂದು ಅಲ್ಲಿಯವರು ದೂರಿದ್ದು ಪತ್ರಿಕೆಗಳಲ್ಲಿ ಬಂತು. ಓದುವಾಗ ಅತ್ತಿಗೆಯ ದನಿಯೇ ಕೇಳಿಸಿತು.

ನಮ್ಮ ಸೊಸೈಟಿಯ ಹಿಂದೆ ಒಂದು ನಾಲೆ. ಅದರ ದಂಡೆಯಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳು. ಅಲ್ಲಿರುವವರಲ್ಲಿ ಬಹಳ ಜನ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಪುಣೆಯ ಗಗನಚುಂಬಿಗಳನ್ನು ಕಟ್ಟಿದ ಕೈಗಳಲ್ಲಿ ಕನ್ನಡದ ಕೈಗಳು ಎಷ್ಟಿವೆ ಎಂದು ಈ ಪತ್ರಿಕೆಯ ಪುಣೆ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಾವು ಹತ್ತನೇ ಮಹಡಿಯ ವಲಸಿಗರು, ಅವರು ನೆಲದ ಮೇಲಿನ ವಲಸಿಗರು. ನೀರು ಬಿಡುವ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ. ನಮಗೆ ಅದು ಆಫೀಸಿಗೆ ಯಾವ ಸೇತುವೆ ಮೇಲೆ ಹೋಗಬೇಕು ಎನ್ನುವ ವಿಷಯ. ಅವರಿಗೆ ಅದು ಬರುವುದೇ ಇಲ್ಲ.

ಆ ಜುಲೈನಿಂದ ನಾವು ಆರು ಜನ ಕನ್ನಡದವರು ಒಂದು ಸಣ್ಣ ಕೆಲಸ ಮಾಡುತ್ತಿದ್ದೇವೆ. ಪ್ರತಿ ಶೆಡ್ ಸಾಲಿನಲ್ಲಿ ಒಬ್ಬರ ಫೋನ್ ನಂಬರ್ ನಮ್ಮ ಹತ್ತಿರ ಇದೆ. ನೀರು ಬಿಡುವ ಸುದ್ದಿ ಬಂದರೆ ಅರ್ಧ ನಿಮಿಷದ ದನಿ ಸಂದೇಶ, ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು. ಕ್ಯೂಸೆಕ್ ಹೇಳುವುದಿಲ್ಲ. ‘ಇವತ್ತು ರಾತ್ರಿ ನಾಲೆಗೆ ನೀರು ಬರ್ತದ, ಮಕ್ಕಳನ್ನ ಕರ್ಕೊಂಡು ಶಾಲೆ ಕಟ್ಟಡಕ್ಕ ಹೋಗ್ರಿ, ಆಧಾರ್ ಕಾರ್ಡ್ ಮರೀಬ್ಯಾಡ್ರಿ, 9 ಗಂಟೆ ಒಳಗ.’ ಕೇಳಿದವರು ತಿರುಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಕೊಡದಿದ್ದರೆ ನಮ್ಮಲ್ಲಿ ಒಬ್ಬರು ಕೊಡೆ ಹಿಡಿದು ಹೋಗುತ್ತೇವೆ. ಕಳಿಸಿದ ಲೆಕ್ಕವನ್ನು ನಾವು ಇಡುವುದಿಲ್ಲ, ಮಿಸ್ಡ್ ಕಾಲಿನ ಲೆಕ್ಕ ಇಡುತ್ತೇವೆ.

ಅಣ್ಣನ ಮಗಳು ಈಗ ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಅತ್ತಿಗೆ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಹೋದ ಮಳೆಗಾಲದಲ್ಲಿ ಈ ದನಿ ಸಂದೇಶದ ವಿಷಯ ಹೇಳಿದಾಗ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಕನ್ನಡ ಅವರಿಗೆ ತಿಳೀತದೇನು? ಕಲಬುರಗಿ ಮಾತು ಬೇರೆ. ಅಲ್ಲಿಯವರ ಬಾಯಲ್ಲೇ ಹೇಳಿಸು’ ಎಂದರು. ಸರಿ ಅನ್ನಿಸಿತು. ಈಗ ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಡಂಗುರ ಸಾರುತ್ತಾಳೆ. ಅವಳ ದನಿಗೆ ನಮಗಿಂತ ಬೇಗ ಮಿಸ್ಡ್ ಕಾಲ್ ಬರುತ್ತವೆ.

ನೀವು ಯಾವ ನಗರದಲ್ಲೇ ಇರಿ, ಎರಡು ವಿಷಯ ತಿಳಿದುಕೊಳ್ಳಿ. ನಿಮ್ಮ ಮನೆಯ ಮೇಲ್ಭಾಗಕ್ಕೆ ಯಾವ ಕೆರೆ, ಯಾವ ಡ್ಯಾಮ್ ಇದೆ. ನಿಮ್ಮ ಕಟ್ಟಡದ ನೆಲಮಹಡಿಯಲ್ಲಿ, ಗೇಟಿನ ಪಕ್ಕದ ಕೋಣೆಯಲ್ಲಿ ಯಾರು ಮಲಗುತ್ತಾರೆ, ಅವರ ಭಾಷೆ ಯಾವುದು. ಅವರ ನಂಬರ್ ತೆಗೆದುಕೊಳ್ಳಿ, ನಿಮ್ಮದನ್ನು ಕೊಡಿ. ಮುಂದಿನ ಮಳೆಗೆ ಇನ್ನೂ ಹೊತ್ತಿದೆ.